ಕ್ವೀನ್ಸ್ ಗ್ಯಾಂಬಿಟ್: ಹನ್ನೊಂದು ನಡೆ ಮತ್ತು ಅವುಗಳ ಅರ್ಥ

ಶಾಲೆಗಳ ಉಪಜಿಲ್ಲಾ ಚೆಸ್ ಸ್ಪರ್ಧೆ ಹತ್ತಿರವಾಗುತ್ತಿದ್ದಂತೆ ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ಮಕ್ಕಳೂ ಅವರ ಹೆತ್ತವರೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ‘ಕ್ವೀನ್ಸ್ ಗ್ಯಾಂಬಿಟ್‌ನಲ್ಲಿ ಎಷ್ಟು ನಡೆ ಬಾಯಿಪಾಠ ಮಾಡಬೇಕು?’ ಚೆಸ್ ಆಟವನ್ನು ಆರಂಭಿಸುವ ಒಂದು ಕ್ರಮದ ಹೆಸರು ಕ್ವೀನ್ಸ್ ಗ್ಯಾಂಬಿಟ್. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲಿ ಒಮ್ಮೆ ವಿವರವಾಗಿ ಬರೆಯುತ್ತಿದ್ದೇನೆ.

ಹನ್ನೊಂದು ನಡೆ ಸಾಕು. ಆದರೆ ಆ ಹನ್ನೊಂದಕ್ಕೂ ‘ಯಾಕೆ?’ ಎಂದು ಕೇಳಿದರೆ ನಿಮ್ಮಲ್ಲಿ ಉತ್ತರ ಇರಬೇಕು. ತಾಳಮದ್ದಳೆ ಕೇಳಿ ಬೆಳೆದ ನಮಗೆ ಇದು ಹೊಸ ಮಾತಲ್ಲ. ಭಾಗವತರು ಹಾಡುವ ಪದ್ಯ ನಿಗದಿಯಾದದ್ದು. ಅದಕ್ಕೆ ಅರ್ಥ ಹೇಳಬೇಕಾದವರು ಅರ್ಥಧಾರಿಗಳು, ಅದೂ ಎದುರಿನವರ ಮಾತನ್ನು ನೋಡಿಕೊಂಡು. ಚೆಸ್‌ನಲ್ಲೂ ಆರಂಭದ ನಡೆಗಳು ಪದ್ಯವಿದ್ದಂತೆ. ಪದ್ಯ ಮಾತ್ರ ಕಲಿತು ಬಂದ ಮಕ್ಕಳು ಹನ್ನೆರಡನೆಯ ನಡೆಗೆ ಬಂದೊಡನೆ ಏನು ಮಾಡುವುದೆಂದು ತಿಳಿಯದೆ ಕುಳಿತುಬಿಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಬೇಕಾದದ್ದು ಇಷ್ಟೇ: ಒಂದು ಬೋರ್ಡ್, ಒಂದು ನೋಟ್‌ಪುಸ್ತಕ, ಜೊತೆಗೆ ಆಡಲು ಒಬ್ಬರು. ಮೊಬೈಲ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಹಂತ 1: ಮೊದಲು ಹೆಸರುಗಳನ್ನು ಸರಿಮಾಡಿಕೊಳ್ಳಿ

ಬೇರೆ ಊರಿನವರಿಗೆ ಈ ಹಂತ ಬೇಕಾಗಲಿಕ್ಕಿಲ್ಲ. ಕಾಸರಗೋಡಿನವರಿಗೆ ಬೇಕೇ ಬೇಕು. ಕನ್ನಡದಲ್ಲಿ ನಾವು ಮೂಲೆಯ ಕಾಯಿಯನ್ನು ಆನೆ ಎನ್ನುತ್ತೇವೆ, ಓರೆಯಾಗಿ ಚಲಿಸುವುದನ್ನು ಒಂಟೆ ಎನ್ನುತ್ತೇವೆ. ಮಲಯಾಳದಲ್ಲಿ ಮೂಲೆಯ ಕಾಯಿ ತೇರು, ಓರೆಯಾಗಿ ಚಲಿಸುವುದು ಆನೆ! ಒಂದೇ ಶಾಲೆಯ ಕನ್ನಡ ವಿಭಾಗದ ಹುಡುಗಿಯೂ ಮಲಯಾಳ ವಿಭಾಗದ ಹುಡುಗನೂ ಆಟ ಮುಗಿದ ಮೇಲೆ ‘ಆನೆಯನ್ನು ಯಾಕೆ ಬಿಟ್ಟುಕೊಟ್ಟೆ?’, ‘ನಾನು ಬಿಟ್ಟುಕೊಡಲಿಲ್ಲವಲ್ಲ!’ ಎಂದು ಕಾಲು ಗಂಟೆ ವಾದಿಸಿದ್ದನ್ನು ಕಂಡಿದ್ದೇನೆ. ಇಬ್ಬರು ಹೇಳುತ್ತಿದ್ದದ್ದೂ ಸರಿಯೇ ಇತ್ತು. ರಾಣಿಯನ್ನು ಮಂತ್ರಿ ಎನ್ನುವ ಹಿರಿಯರು ಎರಡೂ ಭಾಷೆಗಳಲ್ಲಿದ್ದಾರೆ. ಈ ಲೇಖನದಲ್ಲಿ ರಾಜ, ರಾಣಿ, ಆನೆ, ಒಂಟೆ, ಕುದುರೆ, ಕಾಲಾಳು ಎಂಬ ಕನ್ನಡದ ಹೆಸರುಗಳನ್ನೇ ಬಳಸುತ್ತೇನೆ.

ಬೋರ್ಡಿನ ಪ್ರತಿ ಮನೆಗೂ ಒಂದು ವಿಳಾಸವಿದೆ. ಬಿಳಿ ಆಟಗಾರರ ಎಡಗಡೆಯಿಂದ ನೀಟ ಸಾಲುಗಳು ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್. ಅಡ್ಡ ಸಾಲುಗಳು ಬಿಳಿಯ ಕಡೆಯಿಂದ 1ರಿಂದ 8. ಬರೇ ‘ಡಿ4’ ಎಂದು ಬರೆದಿದ್ದರೆ ಕಾಲಾಳು ಡಿ4ಕ್ಕೆ ಹೋಯಿತು ಎಂದರ್ಥ. ‘×’ ಎಂದರೆ ಹೊಡೆದದ್ದು: ‘ಡಿ×ಸಿ4’ ಎಂದರೆ ಡಿ ಸಾಲಿನ ಕಾಲಾಳು ಸಿ4ರಲ್ಲಿದ್ದುದನ್ನು ಹೊಡೆಯಿತು. ಪ್ರತಿ ಸಂಖ್ಯೆಯ ಮುಂದೆ ಮೊದಲು ಬಿಳಿಯ ನಡೆ, ಆಮೇಲೆ ಕಪ್ಪಿನದು. ‘2...’ ಎಂದಿದ್ದರೆ ಅದು ಕಪ್ಪಿನ ಎರಡನೆಯ ನಡೆ. ಸ್ಪರ್ಧೆಯ ಹಾಳೆಯಲ್ಲಿ ಇಂಗ್ಲಿಷಿನ ಮೊದಲಕ್ಷರಗಳನ್ನು ಬರೆಯುವುದು ರೂಢಿ. ಅಲ್ಲಿ ಕುದುರೆಗೆ ‘ಎನ್’ ಬರೆಯಬೇಕು, ಏಕೆಂದರೆ ‘ಕೆ’ ಅಕ್ಷರ ರಾಜನಿಗೆ ಹೋಗಿದೆ. ಹೊಸಬರು ಎಡವುವುದು ಇಲ್ಲೇ.

ಹಂತ 2: ಎರಡು ನಡೆ, ಒಂದು ಪ್ರಶ್ನೆ

1. ಡಿ4 ಡಿ5
2. ಸಿ4

ಕ್ವೀನ್ಸ್ ಗ್ಯಾಂಬಿಟ್ ಎಂದರೆ ಇಷ್ಟೇ. ಸುಮಾರು 1490ರ ಕಾಲದ ಗಾಟಿಂಗನ್ ಹಸ್ತಪ್ರತಿಯಲ್ಲೇ ಈ ಆರಂಭ ಸಿಗುತ್ತದೆ. ಐನೂರು ವರ್ಷ ಕಳೆದರೂ ಹಳೆಯದಾಗಿಲ್ಲ.

ಬೋರ್ಡನ್ನು ನೋಡಿ. ನಿಮ್ಮ ಡಿ4 ಕಾಲಾಳಿನ ಹಿಂದೆ ರಾಣಿ ನಿಂತಿದ್ದಾಳೆ, ಆದ್ದರಿಂದ ಅದಕ್ಕೆ ಹುಟ್ಟುವಾಗಲೇ ಕಾವಲು ಇದೆ. ಸಿ4ಕ್ಕೆ ಬಂದ ಕಾಲಾಳು ಕಪ್ಪಿನ ಡಿ5 ಕಾಲಾಳನ್ನು ಓರೆಯಿಂದ ಮುಟ್ಟುತ್ತಿದೆ. ನೀವು ಕೇಳುತ್ತಿರುವ ಪ್ರಶ್ನೆ ಇದು: ‘ಬೋರ್ಡಿನ ನಡುವಿನಲ್ಲಿ ಇಟ್ಟ ಕಾಲಾಳನ್ನು ಅಲ್ಲೇ ಉಳಿಸಿಕೊಳ್ಳುತ್ತೀಯಾ, ಅಥವಾ ಬದಿಯ ಕಾಲಾಳಿಗಾಗಿ ನಡುವನ್ನು ಬಿಟ್ಟುಕೊಡುತ್ತೀಯಾ?’

ಗ್ಯಾಂಬಿಟ್ ಎಂಬುದು ಅಡ್ಡಗಾಲು ಕೊಟ್ಟು ಬೀಳಿಸುವುದು ಎಂಬರ್ಥದ ಇಟಾಲಿಯನ್ ಮಾತಿನಿಂದ ಬಂದದ್ದು. ಚೆಸ್‌ನಲ್ಲಿ ಏನನ್ನೋ ಪಡೆಯುವುದಕ್ಕಾಗಿ ಒಂದು ಕಾಲಾಳನ್ನು ಬಲಿಕೊಡುವುದಕ್ಕೆ ಈ ಹೆಸರು. ಆದರೆ ಇಲ್ಲಿ ಬಲಿಯೇನೂ ಇಲ್ಲ. ಕಪ್ಪು ಸಿ4 ಕಾಲಾಳನ್ನು ಹೊಡೆದರೆ ಬಿಳಿ ಅದನ್ನು ಮರಳಿ ಪಡೆಯಬಹುದು. ಬೇಕಾದರೆ ಮರುನಡೆಯಲ್ಲೇ ರಾಣಿಯನ್ನು ಎ4ಕ್ಕೆ ತಂದು ಚೆಕ್ ಕೊಟ್ಟು, ಆಮೇಲೆ ಸಿ4ನಲ್ಲಿ ಹೊಡೆಯಬಹುದು. ರಾಣಿಯನ್ನು ಅಷ್ಟು ಬೇಗ ಹೊರತರುವುದು ಒಳ್ಳೆಯ ಕ್ರಮವಲ್ಲ. ಕಾಲಾಳು ಕೈತಪ್ಪಿ ಹೋಗಿಲ್ಲ ಎಂಬ ಧೈರ್ಯಕ್ಕೆ ಇದನ್ನು ಹೇಳಿದೆ.

ಹಂತ 3: ಕಪ್ಪಿನ ಉತ್ತರಗಳು

ಹೊಡೆದರೆ (2... ಡಿ×ಸಿ4): ನೀವು 3. ಇ3 ಆಡಿ. ಈಗ ಎಫ್1 ಒಂಟೆ ಸಿ4 ಕಾಲಾಳಿನ ಮೇಲೆ ಕಣ್ಣಿಟ್ಟಿದೆ. ಇಲ್ಲಿ ಕಪ್ಪು ಮಾಡುವ ದೊಡ್ಡ ತಪ್ಪು ಆ ಕಾಲಾಳನ್ನು ಹೇಗಾದರೂ ಉಳಿಸಿಕೊಳ್ಳಬೇಕೆಂಬ ಆಸೆ. 3... ಬಿ5 4. ಎ4 ಸಿ6 5. ಎ×ಬಿ5 ಸಿ×ಬಿ5 ಎಂದು ಆಡಿದರೆ 6. ರಾಣಿ ಎಫ್3! ಎಫ್3ರಿಂದ ಎ8ರವರೆಗಿನ ಓರೆ ಸಾಲು ಪೂರ್ತಿ ತೆರೆದಿದೆ, ಮೂಲೆಯ ಆನೆ ಸಿಕ್ಕಿಬಿತ್ತು. ಅದನ್ನು ಉಳಿಸಲು ಕಪ್ಪು ಕುದುರೆಯನ್ನೋ ಒಂಟೆಯನ್ನೋ ತೆರಬೇಕಾಗುತ್ತದೆ. ನೀವು ಕಪ್ಪು ಆಡುವಾಗಲೂ ಇದು ನೆನಪಿರಲಿ: ಹೊಡೆದ ಕಾಲಾಳನ್ನು ಮರಳಿ ಕೊಟ್ಟು, ಆ ಹೊತ್ತಿನಲ್ಲಿ ಕಾಯಿಗಳನ್ನು ಹೊರತನ್ನಿ.

ಸಿ6 ಆಡಿದರೆ: ಇದಕ್ಕೆ ಸ್ಲಾವ್ ರಕ್ಷಣೆ ಎಂದು ಹೆಸರು. ಡಿ5 ಕಾಲಾಳಿಗೆ ಕಾವಲು, ಸಿ8 ಒಂಟೆಯ ದಾರಿಯೂ ತೆರೆದಿರುತ್ತದೆ. ಬಹಳ ಗಟ್ಟಿ. ಸದ್ಯಕ್ಕೆ ಎರಡೂ ಕುದುರೆಗಳನ್ನು ಸಿ3, ಎಫ್3ಕ್ಕೆ ತಂದು ಆಡುತ್ತಾ ಹೋಗಿ. ಇದರ ಆಳ ಬೇರೆಯೇ ಲೇಖನಕ್ಕಾಗುವಷ್ಟಿದೆ.

ಕುದುರೆ ಎಫ್6 ಆಡಿದರೆ: ಹೊಸಬರ ಸಾಮಾನ್ಯ ತಪ್ಪು. 3. ಸಿ×ಡಿ5 ಕುದುರೆ×ಡಿ5 4. ಕುದುರೆ ಎಫ್3, ಮುಂದೆ ಇ4. ಕಪ್ಪಿನ ಕುದುರೆ ಓಡಬೇಕು, ನಡು ನಿಮ್ಮದಾಗುತ್ತದೆ. ಡಿ5ನ್ನು ಕಾಲಾಳಿನಿಂದಲೇ ಕಾಯಬೇಕು, ಕುದುರೆಯಿಂದಲ್ಲ. ಈ ಒಂದು ಮಾತು ತಿಳಿದಿದ್ದರೆ ಕಪ್ಪು ಆಡುವಾಗ ಮೊದಲ ಐದು ನಡೆಯಲ್ಲಿ ಸೋಲುವ ಭಯ ಇರುವುದಿಲ್ಲ.

ಇ5 ಆಡಿದರೆ: ಆಲ್ಬಿನ್ ಪ್ರತಿ-ಗ್ಯಾಂಬಿಟ್. 3. ಡಿ×ಇ5 ಡಿ4 ಆದ ಮೇಲೆ ಕೈ ತಾನಾಗಿ ಇ3 ಕಡೆಗೆ ಹೋಗುತ್ತದೆ. ತಡೆಯಿರಿ! 4. ಇ3 ಒಂಟೆ ಬಿ4 ಚೆಕ್ 5. ಒಂಟೆ ಡಿ2 ಡಿ×ಇ3 6. ಒಂಟೆ×ಬಿ4 ಇ×ಎಫ್2 ಚೆಕ್ 7. ರಾಜ ಇ2 ಎಫ್×ಜಿ1. ಇಲ್ಲಿ ಕಪ್ಪು ಕಾಲಾಳು ರಾಣಿಯಾಗದೆ ಕುದುರೆಯಾಗಿ ಚೆಕ್ ಕೊಡುತ್ತದೆ. ಕುದುರೆಯನ್ನು ಆನೆಯಿಂದ ಹೊಡೆದರೆ ಒಂಟೆ ಜಿ4ಕ್ಕೆ ಬಂದು ಚೆಕ್, ರಾಜ ಸರಿದರೆ ಹಿಂದಿನ ರಾಣಿ ಹೋಯಿತು. ಬೋರ್ಡಿನಲ್ಲಿ ಒಮ್ಮೆ ಆಡಿ ನೋಡಿ, ಇಷ್ಟು ಸುಂದರವಾದ ಬಲೆ ಆರಂಭದ ಆಟದಲ್ಲಿ ಅಪರೂಪ. ಇದರಿಂದ ತಪ್ಪಿಸಿಕೊಳ್ಳುವುದು ಸುಲಭ: 4. ಇ3ರ ಬದಲು 4. ಕುದುರೆ ಎಫ್3.

ಇ6 ಆಡಿದರೆ: ಇದೇ ಶಾಸ್ತ್ರೀಯ ಉತ್ತರ, ‘ನಿರಾಕರಿಸಿದ ಕ್ವೀನ್ಸ್ ಗ್ಯಾಂಬಿಟ್’. 1927ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಕ್ಯಾಪಬ್ಲಾಂಕ ಮತ್ತು ಅಲೆಖೈನ್ ವಿಶ್ವ ಚಾಂಪಿಯನ್ ಪಟ್ಟಕ್ಕಾಗಿ ಆಡಿದ 34 ಆಟಗಳಲ್ಲಿ 32ರಲ್ಲಿ ಇದೇ ಬಂತು. ಮುಂದಿನ ಹಂತಗಳೆಲ್ಲ ಇದರ ಕುರಿತು.

ಹಂತ 4: ನಮ್ಮ ಹನ್ನೊಂದು ನಡೆ

2. ಸಿ4 ಇ6
3. ಕುದುರೆ ಸಿ3 ಕುದುರೆ ಎಫ್6
4. ಸಿ×ಡಿ5 ಇ×ಡಿ5
5. ಒಂಟೆ ಜಿ5 ಒಂಟೆ ಇ7
6. ಇ3 ಸಿ6
7. ಒಂಟೆ ಡಿ3 ಕೋಟೆ
8. ರಾಣಿ ಸಿ2 ಕುದುರೆ (ಬಿ8) ಡಿ7
9. ಕುದುರೆ ಎಫ್3 ಆನೆ ಇ8
10. ಕೋಟೆ ಕುದುರೆ ಎಫ್8
11. ಆನೆ (ಎ1) ಬಿ1

‘ಕೋಟೆ’ ಎಂದರೆ ಕ್ಯಾಸ್ಲಿಂಗ್ (ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸುವುದು), ಇಲ್ಲಿ ಎರಡೂ ಕಡೆಯವರು ರಾಜನ ಬದಿಗೇ ಮಾಡಿದ್ದಾರೆ. ಇದಕ್ಕೆ ವಿನಿಮಯ ಶಾಖೆ ಎನ್ನಬಹುದು, ನಾಲ್ಕನೆಯ ನಡೆಯಲ್ಲಿ ಕಾಲಾಳುಗಳ ವಿನಿಮಯ ಆಗುವುದರಿಂದ. ಕಲಿಯುವವರಿಗೆ ನಾನು ಇದನ್ನೇ ಹೇಳಿಕೊಡುವುದಕ್ಕೆ ಕಾರಣವಿದೆ. ಕಾಲಾಳುಗಳ ರಚನೆ ಬೇಗನೆ ನಿಂತುಬಿಡುತ್ತದೆ, ಆದ್ದರಿಂದ ಎದುರಿನವರು ಏನೇ ಆಡಿದರೂ ನಿಮ್ಮ ಯೋಜನೆ ಬದಲಾಗುವುದು ಕಡಿಮೆ.

ಮುಖ್ಯ ನಡೆಗಳ ಅರ್ಥ ನೋಡೋಣ.

ನಾಲ್ಕನೆಯದು: ಕಪ್ಪು ಇ6 ಆಡಿದಾಗ ಸಿ8 ಒಂಟೆಯ ಬಾಗಿಲು ಮುಚ್ಚಿತ್ತು. ನೀವು ವಿನಿಮಯ ಮಾಡಿದಾಗ ಆ ಬಾಗಿಲು ಮತ್ತೆ ತೆರೆಯುತ್ತದೆ. ಇದು ನೀವು ತೆರುವ ಬೆಲೆ. ಬದಲಿಗೆ ನಿಮಗೆ ಸಿಗುವುದು ಅರೆ ತೆರೆದ ಸಿ ಸಾಲು, ಅಂದರೆ ನಿಮ್ಮ ಕಾಲಾಳು ಇಲ್ಲದ ಸಾಲು. ಅದರ ಬೆಲೆ ಐದನೆಯ ಹಂತದಲ್ಲಿ ಗೊತ್ತಾಗುತ್ತದೆ. ಕಪ್ಪು ಕಾಲಾಳಿನ ಬದಲು ಕುದುರೆಯಿಂದ ಡಿ5ನಲ್ಲಿ ಹೊಡೆದರೆ 5. ಇ4 ಆಡಿ, ನಡುವಿನಲ್ಲಿ ನೀವೇ ಬಲವಂತರು.

ಐದನೆಯದು, ಆರನೆಯದು: ಮೊದಲು ಒಂಟೆ ಹೊರಗೆ, ಆಮೇಲೆ ಇ3. ಅದಲುಬದಲು ಮಾಡಿದರೆ ನಿಮ್ಮ ಸಿ1 ಒಂಟೆ ನಿಮ್ಮದೇ ಕಾಲಾಳಿನ ಹಿಂದೆ ಬಂದಿಯಾಗುತ್ತದೆ. ನಾನು ನೋಡಿದ ನೋಟ್‌ಪುಸ್ತಕಗಳಲ್ಲಿ ಅತಿ ಹೆಚ್ಚು ಸಲ ಕೆಂಪು ಗುರುತು ಹಾಕಿದ ತಪ್ಪು ಇದು. ಜಿ5ಕ್ಕೆ ಬಂದ ಒಂಟೆ ಎಫ್6 ಕುದುರೆಯನ್ನು ಕಟ್ಟಿಹಾಕಲು ನೋಡುತ್ತದೆ: ಕುದುರೆ ಸರಿದರೆ ಅದರ ಹಿಂದಿನ ರಾಣಿಗೆ ಅಪಾಯ. ಕಪ್ಪು ಒಂಟೆಯನ್ನು ಇ7ಕ್ಕೆ ತರುವುದು ಆ ಕಟ್ಟು ಬಿಡಿಸುವುದಕ್ಕೆ.

ಏಳನೆಯದು, ಎಂಟನೆಯದು: ಒಂಟೆ ಡಿ3ಕ್ಕೆ, ರಾಣಿ ಸಿ2ಕ್ಕೆ ಬಂದಾಗ ಎರಡೂ ಒಂದೇ ಓರೆ ಸಾಲಿನಲ್ಲಿ ಎಚ್7ರ ಕಡೆ ನೋಡುತ್ತವೆ. ಕಪ್ಪು ಇಲ್ಲಿ ಎಚ್ಚರ ತಪ್ಪಿ 8... ಆನೆ ಇ8 ಆಡಿದರೆ, 9. ಒಂಟೆ×ಎಫ್6 ಒಂಟೆ×ಎಫ್6 10. ಒಂಟೆ×ಎಚ್7 ಚೆಕ್, ಒಂದು ಕಾಲಾಳು ಲಾಭ. ಡಿ7ರಲ್ಲಿ ಕುದುರೆ ಇದ್ದರೆ ಅದು ಎಫ್6ರಲ್ಲಿ ಹೊಡೆದು ಎಚ್7ನ್ನು ಕಾಯುತ್ತದೆ. ಹಾಗಾಗಿ ಕಪ್ಪು ಮೊದಲು ಕುದುರೆ ಡಿ7, ಆಮೇಲೆ ಆನೆ ಇ8.

ಹನ್ನೊಂದನೆಯದು: ಆನೆಯನ್ನು ಅರೆ ತೆರೆದ ಸಿ ಸಾಲಿಗೆ ತರದೆ ಬಿ1ಕ್ಕೆ ಯಾಕೆ ತಂದಿರಿ? ಬಿ ಕಾಲಾಳನ್ನು ಮುಂದೆ ನೂಕುವುದಕ್ಕೆ.

ಹಂತ 5: ಅಲ್ಪಸಂಖ್ಯೆಯ ದಾಳಿ

ಲೇಖನದ ಹೃದಯ ಇದು, ನಿಧಾನವಾಗಿ ಓದಿ. ಬೋರ್ಡ್ ಎದುರಿಗಿರಲಿ.

ರಾಣಿಯ ಬದಿಯಲ್ಲಿ ಎಣಿಸಿ. ನಿಮಗೆ ಎ, ಬಿ ಎಂದು ಎರಡು ಕಾಲಾಳು. ಕಪ್ಪಿಗೆ ಎ7, ಬಿ7, ಸಿ6 ಎಂದು ಮೂರು. ಸಂಖ್ಯೆ ಕಡಿಮೆಯಿದ್ದವರು ದಾಳಿ ಮಾಡುವುದೆಂದರೆ ಮಕ್ಕಳು ನಂಬುವುದೇ ಇಲ್ಲ. ಗೆಲ್ಲಬೇಕಾದದ್ದು ಸಂಖ್ಯೆಯಲ್ಲ, ಎದುರಿನವರ ಸಾಲಿನಲ್ಲಿ ಒಂದು ಬಿರುಕು. ಈ ರಚನೆಗೆ ಕಾರ್ಲ್ಸ್‌ಬಾಡ್ ಎಂಬ ಹೆಸರಿದೆ. ಈಗ ಚೆಕ್ ದೇಶದ ಕಾರ್ಲೋವಿ ವಾರಿ ಎನಿಸಿಕೊಂಡಿರುವ ಊರಿನಲ್ಲಿ ನಡೆದ ಹಳೆಯ ಟೂರ್ನಿಗಳಿಂದ ಬಂದ ಹೆಸರು.

ಕೆಲಸ ನಡೆಯುವ ಕ್ರಮ ಹೀಗೆ. ಕಪ್ಪು 11... ಎ5 ಎಂದು ಬಿ4ನ್ನು ತಡೆಯಲು ನೋಡುತ್ತದೆ. ನೀವು 12. ಎ3, ಆಮೇಲೆ ಬಿ4. ಕಪ್ಪು ಎ×ಬಿ4 ಹೊಡೆದರೆ ನೀವು ಎ×ಬಿ4. ಮುಂದೆ ಬಿ5. ಈಗ ಬಿ5 ಕಾಲಾಳು ಸಿ6ನ್ನು ಮುಟ್ಟಿದೆ. ಕಪ್ಪಿನ ಮುಂದೆ ಎರಡು ದಾರಿ, ಎರಡೂ ಕಷ್ಟದ್ದೇ.

ಸುಮ್ಮನಿದ್ದರೆ ನೀವು ಬಿ×ಸಿ6 ಹೊಡೆಯುತ್ತೀರಿ, ಕಪ್ಪು ಬಿ×ಸಿ6 ಎಂದು ಮರಳಿ ಹೊಡೆಯುತ್ತದೆ. ಆಗ ಸಿ6 ಕಾಲಾಳಿನ ಪಕ್ಕದಲ್ಲಿ ಅದನ್ನು ಕಾಯುವ ಕಾಲಾಳೇ ಇಲ್ಲ. ಅದು ಮುಂದೆ ಹೋಗುವುದೂ ಕಷ್ಟ, ಏಕೆಂದರೆ ಸಿ5ರ ಮೇಲೆ ನಿಮ್ಮ ಡಿ4 ಕಾಲಾಳಿನ ಕಣ್ಣಿದೆ. ಕಾಲಾಳುಗಳ ಬೆಂಬಲ ತಪ್ಪಿ ಹಿಂದುಳಿದ ಇಂಥದ್ದನ್ನು ‘ಹಿಂದುಳಿದ ಕಾಲಾಳು’ ಎನ್ನುತ್ತೇವೆ. ಸಿ ಸಾಲಿನಲ್ಲಿ ನಿಮ್ಮ ರಾಣಿ ಇದೆ, ಇನ್ನೊಂದು ಆನೆ ಸಿ1ಕ್ಕೆ ಬರುತ್ತದೆ, ಕುದುರೆ ಎ4ರಿಂದ ಸಿ5ಕ್ಕೆ ಹೋಗಿ ಕೂರುತ್ತದೆ. ಅಲ್ಲಿಂದ ಅದನ್ನು ಓಡಿಸಲು ಕಪ್ಪಿನ ಬಿ ಕಾಲಾಳು ಈಗ ಇಲ್ಲ.

ಸಿ×ಬಿ5 ಹೊಡೆದರೆ ಡಿ5 ಕಾಲಾಳು ಒಂಟಿಯಾಗುತ್ತದೆ, ಬಿ7ರಲ್ಲೂ ಒಂದು ದುರ್ಬಲ ಕಾಲಾಳು ಉಳಿಯುತ್ತದೆ. ನಿಮ್ಮ ಸಿ3 ಕುದುರೆಗೂ ಬಿ ಸಾಲಿನ ಆನೆಗೂ ಕೆಲಸ ಸಿಕ್ಕಿತು.

ಇಲ್ಲಿ ಮೂರು ಎಚ್ಚರಿಕೆಗಳು. ಕೋಟೆ ಮಾಡದೆ ಬಿ ಕಾಲಾಳನ್ನು ಓಡಿಸಬೇಡಿ. ಬಿ4 ಆದ ಮೇಲೆ ಸಿ4 ಮನೆಯನ್ನು ಕಾಯುವ ಕಾಲಾಳು ನಿಮಗಿಲ್ಲ, ಕಪ್ಪಿನ ಕುದುರೆ ಡಿ6ರ ಮೂಲಕ ಅಲ್ಲಿಗೆ ಬರಲು ನೋಡುತ್ತದೆ, ಆದ್ದರಿಂದ ಡಿ3 ಒಂಟೆಯನ್ನು ಯೋಚಿಸದೆ ಕೊಡಬೇಡಿ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ನೀವು ಎಡಗಡೆ ಬಿರುಕು ಮಾಡುತ್ತಿರುವಾಗ ಕಪ್ಪು ಸುಮ್ಮನೆ ಕೂತಿರುವುದಿಲ್ಲ. ಕುದುರೆಯನ್ನು ಇ4ಕ್ಕೆ ಹಾಕಿ, ಕಾಯಿಗಳನ್ನು ನಿಮ್ಮ ರಾಜನ ಕಡೆ ತಿರುಗಿಸುತ್ತದೆ. ಪ್ರತಿ ಸಲ ಕಾಲಾಳು ನೂಕುವ ಮೊದಲು ಎಚ್2, ಎಫ್2 ಮನೆಗಳನ್ನು ಒಮ್ಮೆ ನೋಡಿಕೊಳ್ಳಿ. ಈ ದಾಳಿಯಲ್ಲಿ ಅವಸರದಿಂದ ಗೆದ್ದವರಿಲ್ಲ. ಇಪ್ಪತ್ತೈದು, ಮೂವತ್ತು ನಡೆಗಳ ತಾಳ್ಮೆ ಬೇಕು.

ಹಂತ 6: ಆನೆಯ ಬಲೆ

ಐದನೆಯ ನಡೆಗೆ ಹಿಂತಿರುಗಿ. 5. ಒಂಟೆ ಜಿ5 ಆದ ಮೇಲೆ ಕಪ್ಪು ಒಂಟೆ ಇ7ರ ಬದಲು 5... ಕುದುರೆ (ಬಿ8) ಡಿ7 ಆಡಿತು ಎಂದಿಟ್ಟುಕೊಳ್ಳಿ. ಡಿ5 ಕಾಲಾಳಿಗೆ ಕಾವಲಿಲ್ಲದಂತೆ ಕಾಣುತ್ತದೆ. ಎಫ್6 ಕುದುರೆ ಕಟ್ಟಿನಲ್ಲಿದೆಯಲ್ಲ! ಹಾಗೆಂದು 6. ಕುದುರೆ×ಡಿ5 ಹೊಡೆದಿರೋ ಮುಗಿಯಿತು.

6... ಕುದುರೆ×ಡಿ5! ಕಪ್ಪು ತನ್ನ ರಾಣಿಯನ್ನೇ ಬಿಟ್ಟುಕೊಟ್ಟಿತು.
7. ಒಂಟೆ×ಡಿ8 ಒಂಟೆ ಬಿ4 ಚೆಕ್. ನಿಮ್ಮ ರಾಜನಿಗೆ ಸರಿಯಲು ಮನೆ ಇಲ್ಲ, ರಾಣಿಯನ್ನೇ ಅಡ್ಡ ಇಡಬೇಕು.
8. ರಾಣಿ ಡಿ2 ಒಂಟೆ×ಡಿ2 ಚೆಕ್
9. ರಾಜ×ಡಿ2 ರಾಜ×ಡಿ8

ಲೆಕ್ಕ ಹಾಕಿ: ರಾಣಿಗೆ ರಾಣಿ, ಒಂಟೆಗೆ ಒಂಟೆ ಹೋಯಿತು. ನಿಮಗೆ ಒಂದು ಕಾಲಾಳು ಹೆಚ್ಚು ಸಿಕ್ಕಿತು, ಆದರೆ ಒಂದು ಕುದುರೆ ಹೋಯಿತು. ಇಂಗ್ಲಿಷಿನಲ್ಲಿ ಇದಕ್ಕೆ ಎಲಿಫೆಂಟ್ ಟ್ರ್ಯಾಪ್ ಎನ್ನುತ್ತಾರೆ. ಕನ್ನಡದಲ್ಲಿ ಖೆಡ್ಡಾ ಎಂದರೆ ಇನ್ನೂ ಚೆನ್ನ. ಕಾಡಾನೆ ಒಳಗೆ ಬಂದ ಮೇಲೆ ಬಾಗಿಲು ಬೀಳುತ್ತದೆ. ಸರಿಯಾದ ನಡೆ ಶಾಂತವಾದದ್ದು: 6. ಇ3. ಕಟ್ಟಿನಲ್ಲಿರುವ ಕಾಯಿ ಚಲಿಸಲಾರದು ಎಂಬುದು ಕಟ್ಟಿನ ಹಿಂದೆ ರಾಜ ಇದ್ದಾಗ ಮಾತ್ರ ನಿಯಮ. ಹಿಂದೆ ರಾಣಿ ಇದ್ದರೆ ಅದು ಬರೇ ಬೆದರಿಕೆ.

ಹಂತ 7: ನೀವು ಕಪ್ಪು ಆಡುವಾಗ

ಸ್ಪರ್ಧೆಯಲ್ಲಿ ಅರ್ಧ ಆಟಗಳು ಕಪ್ಪಿನಲ್ಲೇ. ಬಿಳಿ ವಿನಿಮಯ ಮಾಡದೆ ಒಂಟೆ ಜಿ5, ಇ3, ಕುದುರೆ ಎಫ್3 ಎಂದು ಹೋದರೆ ನಿಮ್ಮ ಚಿಂತೆ ಒಂದೇ, ಸಿ8 ಒಂಟೆ. ಅದಕ್ಕೆ ಒಂದೋ ಸಿ5 ಅಥವಾ ಇ5 ಆಡಿ ದಾರಿ ತೆರೆಯಬೇಕು, ಅಥವಾ ಬಿ6 ಆಡಿ ಬಿ7ರಿಂದ ಹೊರತರಬೇಕು. ಇಕ್ಕಟ್ಟಾದ ಮನೆಯಲ್ಲಿ ಸಾಮಾನು ಕಡಿಮೆಯಾದರೆ ಜಾಗ ಸಿಗುವಂತೆ, ಕೆಲವು ಕಾಯಿಗಳನ್ನು ವಿನಿಮಯ ಮಾಡಿಕೊಂಡರೆ ನಿಮಗೆ ಉಸಿರಾಡಲು ಎಡೆ ಸಿಗುತ್ತದೆ.

ಲಾಸ್ಕರ್ ರಕ್ಷಣೆಯ ತಿರುಳು ಇದೇ: ಕೋಟೆ ಆದ ಮೇಲೆ ಎಚ್6, ಬಿಳಿ ಒಂಟೆ ಎಚ್4ಕ್ಕೆ ಸರಿದಾಗ ಕುದುರೆ ಇ4. 2010ರಲ್ಲಿ ಬಲ್ಗೇರಿಯಾದ ಸೋಫಿಯಾದಲ್ಲಿ ವಿಶ್ವ ಚಾಂಪಿಯನ್ ಪಟ್ಟಕ್ಕಾಗಿ ನಡೆದ ಪಂದ್ಯದಲ್ಲಿ ನಮ್ಮ ವಿಶ್ವನಾಥನ್ ಆನಂದ್ ಟೊಪಾಲೊವ್ ವಿರುದ್ಧ ಹನ್ನೆರಡನೆಯ, ಕೊನೆಯ ಆಟದಲ್ಲಿ ಆಡಿದ್ದು ಇದನ್ನು. ಅದುವರೆಗೆ ಅಂಕ ಸಮ. ಆನಂದ್‌ಗೆ ಕಪ್ಪು ಕಾಯಿ. ಅಂಥ ದಿನ ಅವರು ಹುಡುಕಿದ್ದು ಸಾಹಸದ ಆರಂಭವನ್ನಲ್ಲ, ನೂರು ವರ್ಷ ಹಳೆಯ ಗಟ್ಟಿ ರಕ್ಷಣೆಯನ್ನು. ಆಟ ಗೆದ್ದು ಪಟ್ಟ ಉಳಿಸಿಕೊಂಡರು. ಕಪ್ಪೆಂದರೆ ಸೋಲದಿದ್ದರೆ ಸಾಕು ಎನ್ನುವ ಮಕ್ಕಳಿಗೆ ನಾನು ಮೊದಲು ತೋರಿಸುವುದು ಆ ಆಟವನ್ನು.

ಹಂತ 8: ಅಭ್ಯಾಸ

ಮೊದಲ ವಾರ ಹನ್ನೊಂದು ನಡೆಗಳನ್ನು ಬೋರ್ಡಿನಲ್ಲಿ ಆಡುತ್ತಾ ಪ್ರತಿ ನಡೆಗೂ ಒಂದು ವಾಕ್ಯದಲ್ಲಿ ಕಾರಣ ಬರೆಯಿರಿ, ನಿಮ್ಮದೇ ಮಾತಿನಲ್ಲಿ. ಕಾರಣ ಬರೆಯಲಾಗದ ನಡೆ ಸಿಕ್ಕಿದರೆ ಅಲ್ಲೇ ನಿಲ್ಲಿ.

ಎರಡನೆಯ ವಾರ ಹನ್ನೊಂದನೆಯ ನಡೆಯ ನಂತರದ ಸ್ಥಿತಿಯನ್ನು ಜೋಡಿಸಿಟ್ಟು ಅಲ್ಲಿಂದಲೇ ಆಟ ಆರಂಭಿಸಿ. ಒಮ್ಮೆ ಬಿಳಿ, ಒಮ್ಮೆ ಕಪ್ಪು, ಒಟ್ಟು ಹತ್ತು ಆಟ. ಮಳೆಗಾಲದ ಸಂಜೆ ಕರೆಂಟು ಹೋದಾಗ ಅಕ್ಕ ತಮ್ಮಂದಿರು ಚಿಮಿಣಿ ದೀಪದ ಬೆಳಕಿನಲ್ಲಿ ಆಡಬಹುದಾದ ಅಭ್ಯಾಸ ಇದು. ಆಟದ ನಡೆಗಳನ್ನು ಬರೆದಿಡಲು ಮರೆಯಬೇಡಿ.

ಆಮೇಲೆ ದೊಡ್ಡವರ ಆಟಗಳನ್ನು ನೋಡಿ. 2024ರ ನವೆಂಬರಿನಲ್ಲಿ ಸಿಂಗಾಪುರದಲ್ಲಿ ವಿಶ್ವ ಚಾಂಪಿಯನ್ ಪಟ್ಟದ ಪಂದ್ಯದಲ್ಲಿ ನಮ್ಮ ಗುಕೇಶ್ ಆಗಿನ ಚಾಂಪಿಯನ್ ಡಿಂಗ್ ಲಿರೆನ್ ವಿರುದ್ಧ ಮೂರನೆಯ ಆಟ ಗೆದ್ದು, ಮೊದಲ ಆಟದ ಸೋಲನ್ನು ಸರಿದೂಗಿಸಿದ್ದು ಇದೇ ವಿನಿಮಯ ಶಾಖೆಯಲ್ಲಿ. ನಡೆಗಳ ಕ್ರಮ ನಮ್ಮದಕ್ಕಿಂತ ಬೇರೆ, ಮುಂದೆ ಆಟ ಹಿಡಿದ ದಾರಿಯೂ ಬೇರೆ, ಆದರೆ ನಾಲ್ಕನೆಯ ನಡೆಯಲ್ಲಿ ಅದೇ ಸಿ×ಡಿ5 ಇ×ಡಿ5. ಲಿಚೆಸ್ ಎಂಬ ಜಾಲತಾಣದಲ್ಲಿ ಇಂಥ ಆಟಗಳನ್ನು ಹಣ ಕೊಡದೆ ನೋಡಬಹುದು. ಒಂದು ಸೂಚನೆ: ಕಂಪ್ಯೂಟರಿನ ಮೌಲ್ಯಮಾಪನವನ್ನು ಮುಚ್ಚಿಡಿ. ಮೊದಲು ಮುಂದಿನ ನಡೆಯನ್ನು ನೀವೇ ಊಹಿಸಿ ನೋಟ್‌ಪುಸ್ತಕದಲ್ಲಿ ಬರೆಯಿರಿ, ಆಮೇಲೆ ಗುಂಡಿ ಒತ್ತಿ ಅವರ ನಡೆ ನೋಡಿ.

ಸ್ಪರ್ಧೆಯ ದಿನ ಎದುರಿನವರು ನಿಮ್ಮ ಪಟ್ಟಿಯಲ್ಲಿಲ್ಲದ ನಡೆ ಆಡಿದರೆ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಳ್ಳಿ. ಮುಟ್ಟಿದ ಕಾಯಿಯನ್ನು ಆಡಲೇಬೇಕೆಂಬ ನಿಯಮವಿದೆ. ಆಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ: ಈ ನಡೆ ಏನನ್ನು ಹೊಡೆಯಲು ನೋಡುತ್ತಿದೆ? ಡಿ5 ಕಾಲಾಳಿಗೆ ಈಗ ಕಾವಲು ಯಾರದ್ದು? ಸಿ8 ಒಂಟೆ ಎಲ್ಲಿದೆ?

ಬಲೆಗಳನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳದ ಒಳಭಾಗಕ್ಕೆ ಅಂಟಿಸಿಡಿ. ಹಾಳೆಯ ತುದಿಯಲ್ಲಿ ಕಾಯಿಗಳ ಹೆಸರು ಎರಡೂ ಭಾಷೆಗಳಲ್ಲಿರಲಿ, ಮಲಯಾಳದ ಗೆಳೆಯರೂ ನಿಮ್ಮ ಜೊತೆ ಕುಳಿತು ಕಲಿಯಬಹುದು.